ಅಮಾನಿಕೆರೆಗೆ ಹೋದರೆ ನೀರಿನ ಜೊತೆ ನಡೆಯಿರಿ

ತುಮಕೂರಿನ ಅಮಾನಿಕೆರೆಗೆ ಬರುವವರು ಸಾಮಾನ್ಯವಾಗಿ ಮಾಡುವುದು ಇಷ್ಟು. ಗಾಜಿನ ಮನೆ ಹತ್ತಿರ ಗಾಡಿ ನಿಲ್ಲಿಸುತ್ತಾರೆ, ಒಂದು ಸುತ್ತು ಹಾಕುತ್ತಾರೆ, ಹಿಂದೆ ನೀರು ಕಾಣುವ ಹಾಗೆ ನಾಲ್ಕು ಫೋಟೊ ತೆಗೆದುಕೊಳ್ಳುತ್ತಾರೆ, ಚುರುಮುರಿ ತಿಂದು ಹೊರಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಊರೊಳಗೇ ಇಷ್ಟು ದೊಡ್ಡ ಕೆರೆ ಉಳಿದುಕೊಂಡಿರುವ ಊರುಗಳು ನಮ್ಮ ಬಯಲುಸೀಮೆಯಲ್ಲಿ ಎಷ್ಟಿವೆ ಹೇಳಿ? ಎಷ್ಟೋ ಊರುಗಳಲ್ಲಿ ಕೆರೆ ಇದ್ದ ಜಾಗದಲ್ಲಿ ಬಸ್ ನಿಲ್ದಾಣ ಬಂತು, ಸ್ಟೇಡಿಯಂ ಬಂತು, ಬಡಾವಣೆ ಬಂತು. ಇಲ್ಲಿ ಕೆರೆ ಕೆರೆಯಾಗಿಯೇ ಉಳಿದಿದೆ. ಅಂಥ ಜಾಗವನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸಬಾರದು.

ನನ್ನ ಸಲಹೆ ಒಂದೇ. ನೀರು ಎಲ್ಲಿ ಒಳಗೆ ಬರುತ್ತದೋ ಅಲ್ಲಿಂದ ಶುರು ಮಾಡಿ, ಎಲ್ಲಿ ಹೊರಗೆ ಹೋಗುತ್ತದೋ ಅಲ್ಲಿ ಮುಗಿಸಿ. ನೀರು ತರುವ ಕಾಲುವೆ, ಆಳವಿಲ್ಲದ ಅಂಗಳ, ನೀರು ತಡೆದು ನಿಲ್ಲಿಸುವ ಏರಿ, ಗದ್ದೆಗೆ ನೀರು ಬಿಡುವ ತೂಬು, ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿ. ಈ ಕ್ರಮದಲ್ಲಿ ನಡೆದರೆ ಕೆರೆಗೆ ಏನು ರಿಪೇರಿ ಆಗಿದೆ, ಏನು ಬಾಕಿ ಇದೆ ಅನ್ನುವುದು ಯಾರೂ ಹೇಳದೆ ನಿಮಗೇ ಗೊತ್ತಾಗುತ್ತದೆ. ಇದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ.

ಮೊದಲು ಸ್ವಲ್ಪ ಹಿನ್ನೆಲೆ. ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆ ಶುರುವಾಗಿದ್ದು 2015ರ ಜೂನ್‌ನಲ್ಲಿ. ತುಮಕೂರಿನ ಹೆಸರು ಆ ಪಟ್ಟಿಗೆ ಸೇರಿದ್ದು 2016ರಲ್ಲಿ. ಆ ಯೋಜನೆಯಲ್ಲಿ ಕೈಗೆತ್ತಿಕೊಂಡ ಕೆಲಸಗಳಲ್ಲಿ ಅಮಾನಿಕೆರೆಯೂ ಒಂದು. ಊರಿನ ಜನ ಈಗ ಬೆಳಗ್ಗೆ ಸಂಜೆ ಇಲ್ಲಿಗೆ ವಾಕಿಂಗ್ ಬರುತ್ತಾರೆ. ಮದುವೆ ಗೊತ್ತಾದ ಜೋಡಿಗಳು ಫೋಟೊ ತೆಗೆಸಿಕೊಳ್ಳಲು ಬರುತ್ತಾರೆ. ಕೆರೆಯ ಕಡೆಗೆ ಬೆನ್ನು ಮಾಡಿ ಬೆಳೆದ ಊರು ಮತ್ತೆ ಕೆರೆಯ ಕಡೆ ಮುಖ ಮಾಡಿ ಕೂರುತ್ತಿದೆ. ನನಗೆ ಇದು ನಿಜಕ್ಕೂ ಖುಷಿ ಕೊಡುವ ವಿಷಯ.

ಯಾವ ಕಾಲ, ಯಾವ ಹೊತ್ತು

ನಮ್ಮ ಕಡೆ ಮಳೆ ಜಾಸ್ತಿ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಾಗಾಗಿ ಕೆರೆಯಲ್ಲಿ ಚೆನ್ನಾಗಿ ನೀರು ನೋಡಬೇಕಂದ್ರೆ ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಬನ್ನಿ. ವಲಸೆ ಹಕ್ಕಿಗಳು ಬರುವುದೂ ಅದೇ ಸಮಯಕ್ಕೆ. ಚಳಿ ಹಿತವಾಗಿರುತ್ತದೆ, ಬಿಸಿಲು ಚುಚ್ಚುವುದಿಲ್ಲ.

ಬೇಸಿಗೆಯಲ್ಲಿ ಬರಬಾರದು ಅಂತಲ್ಲ. ಏಪ್ರಿಲ್‌ನಲ್ಲಿ ನೀರು ಹಿಂದೆ ಸರಿದಾಗ ಕೆರೆಯ ಅಂಗಳ ತೆರೆದುಕೊಳ್ಳುತ್ತದೆ. ಹೂಳು ಎಷ್ಟಿದೆ, ಎಲ್ಲಿ ಗುಂಡಿ ತೋಡಿದ್ದಾರೆ, ಕಾಲುವೆ ಎಲ್ಲಿ ಬಂದು ಸೇರುತ್ತದೆ, ಎಲ್ಲವೂ ಕಾಣುತ್ತದೆ. ಕೆರೆಯನ್ನು ಅರ್ಥ ಮಾಡಿಕೊಳ್ಳಬೇಕು ಅನ್ನುವವರಿಗೆ ಬೇಸಿಗೆ ಒಳ್ಳೆಯ ಕಾಲ. ಕಣ್ಣಿಗೆ ಹಬ್ಬ ಬೇಕು ಅನ್ನುವವರಿಗೆ ಅಲ್ಲ.

ಹೊತ್ತು ಮಾತ್ರ ಬೆಳಗ್ಗೆಯೇ ಸರಿ. ಆರು, ಆರೂವರೆಗೆ ಅಲ್ಲಿರಿ. ಹಕ್ಕಿಗಳು ಚುರುಕಾಗಿರುತ್ತವೆ, ಗಾಳಿ ಇರುವುದಿಲ್ಲ, ನೀರು ಅಲುಗುವುದಿಲ್ಲ. ಇನ್ನೊಂದು ಕಾರಣವೂ ಇದೆ. ಕೆರೆಯ ಆರೋಗ್ಯ ಗೊತ್ತಾಗುವುದು ಬೆಳಗಿನ ಜಾವದಲ್ಲಿ. ಹಗಲಿಡೀ ನೀರೊಳಗಿನ ಪಾಚಿ, ಗಿಡಗಳು ಬಿಸಿಲಲ್ಲಿ ಆಮ್ಲಜನಕ ಬಿಡುತ್ತವೆ. ರಾತ್ರಿ ಆ ಕೆಲಸ ನಿಲ್ಲುತ್ತದೆ, ಆದರೆ ಮೀನು, ಪಾಚಿ, ಕೊಳೆಯುವ ಕಸ ಎಲ್ಲವೂ ಆಮ್ಲಜನಕ ಬಳಸುತ್ತಲೇ ಇರುತ್ತವೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚೆ ನೀರಿನಲ್ಲಿ ಆಮ್ಲಜನಕ ಇಡೀ ದಿನದಲ್ಲೇ ಅತಿ ಕಡಿಮೆ ಇರುತ್ತದೆ. ಆ ಹೊತ್ತಿನಲ್ಲಿ ಮೀನುಗಳು ಗುಂಪು ಗುಂಪಾಗಿ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಆಟ ಆಡುತ್ತಿವೆ ಅಂದುಕೊಳ್ಳಬೇಡಿ. ಉಸಿರಿಗೆ ಒದ್ದಾಡುತ್ತಿವೆ.

ಭಾನುವಾರ ಸಂಜೆ ಜನ ಜಾಸ್ತಿ. ವಾರದ ನಡುವಿನ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡರೆ ಒಳ್ಳೆಯದು.

ತಲುಪುವುದು

ಬೆಂಗಳೂರಿನಿಂದ ತುಮಕೂರಿಗೆ ಸುಮಾರು 70 ಕಿಲೋಮೀಟರ್. ರೈಲು ನನ್ನ ಮೊದಲ ಆಯ್ಕೆ. ಹೆದ್ದಾರಿಯ ಟ್ರಾಫಿಕ್ ತಲೆನೋವಿಲ್ಲ, ದುಡ್ಡೂ ಕಡಿಮೆ. ಬಸ್ಸು ಯಾವಾಗ ಬೇಕಾದರೂ ಸಿಗುತ್ತದೆ. ನಿಲ್ದಾಣದಲ್ಲಿ ಇಳಿದು ಆಟೋದವರಿಗೆ ‘ಅಮಾನಿಕೆರೆ, ಗಾಜಿನ ಮನೆ’ ಅಂದರೆ ಸಾಕು, ದಾರಿ ಹೇಳಬೇಕಾಗಿಲ್ಲ. ಸ್ವಂತ ಗಾಡಿಯಲ್ಲಿ ಬಂದರೆ ಒಂದು ವಿಷಯ ಗಮನಿಸಿ. ಗಾಜಿನ ಮನೆಯಲ್ಲಿ ಸರ್ಕಾರಿ ಕಾರ್ಯಕ್ರಮ, ಸಮಾರಂಭ ನಡೆಯುತ್ತಿರುತ್ತವೆ. ಅಂಥ ದಿನ ಸುತ್ತಮುತ್ತ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ.

ಕೈಯಲ್ಲಿ ನೀರಿನ ಬಾಟಲಿ, ಟೋಪಿ, ಜಾರದ ಚಪ್ಪಲಿ ಅಥವಾ ಶೂ ಇರಲಿ. ದುರ್ಬೀನು ಇದ್ದರೆ ತನ್ನಿ. ಒಂದು ಖಾಲಿ ಚೀಲವೂ ಇರಲಿ, ನಿಮ್ಮ ಕಸ ನಿಮ್ಮ ಜೊತೆಗೇ ವಾಪಸ್ ಹೋಗಲಿಕ್ಕೆ.

ಮೊದಲು ನೀರು ಬರುವ ಕಡೆ

ಇಲ್ಲಿಗೆ ಪ್ರವಾಸಿಗಳು ಯಾರೂ ಬರುವುದಿಲ್ಲ. ಫೋಟೊಗೆ ಚೆಂದ ಇರುವ ಜಾಗ ಅಲ್ಲ. ಆದರೂ ಇಲ್ಲಿಂದಲೇ ಶುರು ಮಾಡಿ ಅಂತ ನಾನು ಒತ್ತಾಯ ಮಾಡುತ್ತೇನೆ.

ನಮ್ಮ ಹಳೇ ಕೆರೆಗಳನ್ನು ಕಟ್ಟಿದವರು ಗುಡ್ಡದ ಮೇಲೆ, ಬಯಲಿನಲ್ಲಿ ಬಿದ್ದ ಮಳೆ ನೀರು ಹರಿದು ಬರುವ ದಾರಿ ನೋಡಿ ಅಡ್ಡಲಾಗಿ ಏರಿ ಹಾಕಿದರು. ತುಮಕೂರಿನ ಪೂರ್ವಕ್ಕೆ ದೇವರಾಯನದುರ್ಗದ ಬೆಟ್ಟಸಾಲು ಇದೆ ಅಲ್ವಾ? ಅಲ್ಲಿ ಬಿದ್ದ ಮಳೆ ಎರಡು ಕಡೆಗೆ ಹೋಗುತ್ತದೆ. ಶಿಂಷಾ ನದಿ ಅಲ್ಲಿ ಹುಟ್ಟಿ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ. ಜಯಮಂಗಲಿ ಅದೇ ಬೆಟ್ಟದಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿ ಸೇರುತ್ತದೆ. ಒಂದೇ ಬೆಟ್ಟದ ಮಳೆ, ಎರಡು ನದಿ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಸೀಮೆಯಲ್ಲಿ ಮಳೆ ನೀರನ್ನು ಹಿಡಿದಿಡಲು ಇದ್ದ ದಾರಿ ಕೆರೆಯೊಂದೇ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ.

ಈಗ ಆ ನೀರಿನ ದಾರಿಯಲ್ಲಿ ಊರು ಬೆಳೆದಿದೆ. ಬಯಲಾಗಿದ್ದ ಕಡೆ ಮನೆ, ರಸ್ತೆ, ಅಂಗಡಿ. ಮಳೆ ನೀರಿನ ಜೊತೆಗೆ ಚರಂಡಿ ನೀರೂ ಅದೇ ಕಾಲುವೆ ಹಿಡಿಯುತ್ತದೆ. ಊರೊಳಗಿನ ಯಾವುದೇ ಕೆರೆಯ ಹಣೆಬರಹ ನಿರ್ಧಾರ ಆಗುವುದು ಇಲ್ಲೇ. ದಡದಲ್ಲಿ ಎಷ್ಟು ಚೆಂದದ ಟೈಲ್ಸ್ ಹಾಕಿದ್ದಾರೆ ಅನ್ನುವುದರಿಂದಲ್ಲ.

ಹಾಗಾದರೆ ನೋಡುವುದು ಏನನ್ನು? ಸೇತುವೆಯ ಮೇಲೋ ರಸ್ತೆಯ ಅಂಚಿನಲ್ಲೋ ನಿಂತು ಕಾಲುವೆಯ ನೀರನ್ನು ಐದು ನಿಮಿಷ ಸುಮ್ನೆ ಗಮನಿಸಿ. ಮಳೆ ಇಲ್ಲದ ವಾರದಲ್ಲೂ ನೀರು ಹರಿಯುತ್ತಿದೆಯೇ? ಹಾಗಿದ್ದರೆ ಅದು ಮನೆಗಳಿಂದ ಬಂದ ನೀರು. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ, ಎಲ್ಲರೂ ಸ್ನಾನ ಮಾಡಿ ಬಟ್ಟೆ ಒಗೆಯುವ ಹೊತ್ತಿನಲ್ಲಿ, ಹರಿವು ಜಾಸ್ತಿ ಆಗುತ್ತದೆಯೇ ನೋಡಿ. ನೀರು ಎತ್ತರದಿಂದ ಬೀಳುವ ಕಡೆ ನೊರೆ ನಿಲ್ಲುತ್ತಿದ್ದರೆ ಅದಕ್ಕೆ ಮುಖ್ಯ ಕಾರಣ ಸೋಪು, ಡಿಟರ್ಜೆಂಟ್. ಬಣ್ಣ ಬೂದು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಆ ನೀರಿನಲ್ಲಿ ಆಮ್ಲಜನಕ ಉಳಿದಿಲ್ಲ ಅಂತಲೇ ಅರ್ಥ. ಕೆರೆ ಸೇರುವ ಮುಂಚೆ ಕಸ ತಡೆಯುವ ಕಬ್ಬಿಣದ ಜಾಲರಿ ಇದೆಯೇ, ಇದ್ದರೆ ಅದನ್ನು ಯಾರಾದರೂ ತೆಗೆದು ತೊಳೆಯುತ್ತಿದ್ದಾರೆಯೇ ಅನ್ನುವುದನ್ನೂ ನೋಡಿ.

ಕಾಲುವೆ ಕೆರೆ ಸೇರುವ ಕಡೆ ಜೊಂಡು ಬೆಳೆದಿದ್ದರೆ ಅಸಹ್ಯ ಅಂದುಕೊಳ್ಳಬೇಡಿ. ಜೊಂಡಿನ ಬೇರುಗಳು ನೀರಿನ ವೇಗ ತಗ್ಗಿಸುತ್ತವೆ, ಕೊಳೆ ಕೆಳಗೆ ಕೂರುವ ಹಾಗೆ ಮಾಡುತ್ತವೆ, ಸಾರಜನಕ ಮತ್ತು ರಂಜಕವನ್ನು ಹೀರಿಕೊಳ್ಳುತ್ತವೆ. ಕೆರೆ ಸ್ವಚ್ಛ ಮಾಡುತ್ತೇವೆ ಅಂತ ಜೊಂಡನ್ನೆಲ್ಲ ಕಿತ್ತು ಹಾಕುವುದನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ನೀರಿನ ಮೇಲೆ ತೇಲುತ್ತಾ ಹಬ್ಬುವ ಕಳೆಯ ಕಥೆ ಬೇರೆ. ನೇರಳೆ ಹೂ ಬಿಡುವ, ದಪ್ಪ ಕಾಂಡದ ಆ ಕಳೆ ಚರಂಡಿಯ ಸಾರ ತಿಂದೇ ಹಬ್ಬುವುದು. ಅದು ಇಡೀ ನೀರು ಮುಚ್ಚಿದರೆ ಬಿಸಿಲು ಒಳಗೆ ಇಳಿಯುವುದಿಲ್ಲ. ಅದನ್ನು ತೆಗೆಯಲೇಬೇಕು. ಆದರೆ ಕಾಲುವೆಯಲ್ಲಿ ಚರಂಡಿ ನೀರು ಬರುವುದು ನಿಲ್ಲದಿದ್ದರೆ ತೆಗೆದಷ್ಟೂ ಮತ್ತೆ ಬರುತ್ತದೆ.

ಇಲ್ಲಿ ಕೆಳಗಿಳಿಯುವುದು ಬೇಡ. ಮೇಲಿಂದ ನೋಡಿದರೆ ಸಾಕು. ಮಳೆ ಬರುತ್ತಿದ್ದರಂತೂ ಕಾಲುವೆಯ ಹತ್ತಿರವೂ ಸುಳಿಯಬೇಡಿ, ನೀರು ಯಾವಾಗ ಏರುತ್ತದೆ ಅಂತ ಗೊತ್ತಾಗುವುದಿಲ್ಲ.

ಅಂಗಳ: ಇಲ್ಲಿ ನಿಧಾನ ಮಾಡಿ

ಕಾಲುವೆ ದಾಟಿ ಬಂದರೆ ಕೆರೆಯ ಆಳವಿಲ್ಲದ ಭಾಗ. ಅರ್ಧ ದಿನದಲ್ಲಿ ಜಾಸ್ತಿ ಹೊತ್ತು ಇಲ್ಲಿಗೇ ಇಡಿ. ಒಂದು ಕಡೆ ಕೂತುಬಿಡಿ. ನಡೆದಾಡುವವರಿಗೆ ಹಕ್ಕಿ ಕಾಣುವುದು ಕಡಿಮೆ, ಕೂತವರಿಗೆ ಜಾಸ್ತಿ.

ನಮ್ಮ ಕಡೆಯ ಕೆರೆಗಳಲ್ಲಿ ಸಾಮಾನ್ಯವಾಗಿ ಸಿಗುವ ಹಕ್ಕಿಗಳಲ್ಲಿ ಮೊದಲು ಗುರುತಿಸಬೇಕಾದದ್ದು ಗುಳುಮುಳುಕ. ಮುಷ್ಟಿಯಷ್ಟು ದಪ್ಪದ ಕಂದು ಹಕ್ಕಿ. ನೀವು ನೋಡುತ್ತಿದ್ದ ಹಾಗೇ ಮಾಯ ಆಗುತ್ತದೆ. ಮುಳುಗಿದ ಜಾಗದಲ್ಲಿ ಒಂದು ಸಣ್ಣ ಉಂಗುರ ಮಾತ್ರ ಉಳಿಯುತ್ತದೆ. ಮಕ್ಕಳ ಜೊತೆ ಬಂದಿದ್ದರೆ ಎಲ್ಲಿ ಏಳುತ್ತದೆ ಅಂತ ಪಂದ್ಯ ಕಟ್ಟಿ. ನೀವು ಬೆರಳು ತೋರಿಸಿದ ಕಡೆ ಅದು ಏಳುವುದೇ ಇಲ್ಲ, ಹತ್ತು ಹದಿನೈದು ಅಡಿ ಆಚೆ ತಲೆ ಎತ್ತುತ್ತದೆ. ಬಾಯಲ್ಲಿ ಒಮ್ಮೊಮ್ಮೆ ಬೆಳ್ಳಗೆ ಮಿಂಚುವ ಮೀನುಮರಿ. ಮರಿ ಮಾಡುವ ಕಾಲದಲ್ಲಿ ಬೆನ್ನ ಮೇಲೆ ಮರಿಗಳನ್ನು ಕೂರಿಸಿಕೊಂಡು ಈಜುತ್ತದೆ. ಅದನ್ನೊಮ್ಮೆ ಕಂಡ ಮಗು ಮೊಬೈಲ್ ಕೇಳುವುದಿಲ್ಲ.

ಕಲ್ಲಿನ ಮೇಲೋ ಒಣಗಿದ ಜಾಲಿ ಕೊಂಬೆಯ ಮೇಲೋ ರೆಕ್ಕೆ ಅಗಲ ಬಿಚ್ಚಿಕೊಂಡು ನಿಂತಿರುವ ಕಪ್ಪು ಹಕ್ಕಿ ನೀರುಕಾಗೆ. ಅದರ ರೆಕ್ಕೆಗಳು ನೀರಿನಲ್ಲಿ ನೆನೆಯುತ್ತವೆ, ಹಾಗಾಗಿ ಮೀನು ಹಿಡಿದ ಮೇಲೆ ಬಿಸಿಲಿಗೆ ಒಣಗಿಸಿಕೊಳ್ಳಬೇಕು. ಕಪ್ಪು ಮೈ, ಹಣೆಗೆ ಬಿಳಿ ನಾಮ ಇಟ್ಟ ಹಾಗಿದ್ದರೆ ನಾಮಕೋಳಿ. ಜೊಂಡಿನ ನಡುವೆ ನೇರಳೆ ಮೈ, ಕೆಂಪು ಕೊಕ್ಕು ಕಂಡರೆ ಜಂಬುಕೋಳಿ. ತೇಲುವ ಎಲೆಗಳ ಮೇಲೆ ಉದ್ದುದ್ದ ಬೆರಳೂರಿ ಮುಳುಗದೆ ನಡೆದುಹೋಗುವುದು ದೇವನಕ್ಕಿ. ಕಪ್ಪು ಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ತಲೆ ಕೆಳಗೆ ಮಾಡಿ ಬೀಳುತ್ತದೆ. ಅದು ನಿಂತಾಗಲೇ ಕ್ಯಾಮೆರಾ ಸಿದ್ಧ ಇರಬೇಕು.

ಗುಲಾಬಿ ಬಾಲದ ದೊಡ್ಡ ಬಣ್ಣದ ಕೊಕ್ಕರೆ ಕಣ್ಣಿಗೆ ಬಿದ್ದರೆ ನಿಮ್ಮ ಅದೃಷ್ಟ. ಅದನ್ನು ಹತ್ತಿರದಿಂದ ನೋಡುವ ಆಸೆ ಇದ್ದರೆ ನಮ್ಮ ಜಿಲ್ಲೆಯದೇ ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ. ಅಲ್ಲಿ ಊರೊಳಗಿನ ಹುಣಸೆ ಮರಗಳಲ್ಲೇ ಅವು ಗೂಡು ಕಟ್ಟುತ್ತವೆ, ಊರಿನವರು ಕಾಪಾಡಿಕೊಂಡು ಬಂದಿದ್ದಾರೆ.

ಮೀನಿಗೆ, ಬಾತುಗಳಿಗೆ ಬ್ರೆಡ್ಡು, ಪುರಿ ಹಾಕಬೇಡಿ. ಪ್ರೀತಿಯಿಂದಲೇ ಹಾಕುತ್ತಾರೆ, ನನಗೂ ಗೊತ್ತು. ತಿನ್ನದೆ ಉಳಿದದ್ದು ಕೊಳೆಯುತ್ತದೆ, ಕೊಳೆಯಲು ನೀರಿನ ಆಮ್ಲಜನಕ ತಿನ್ನುತ್ತದೆ. ಅದಕ್ಕಿಂತ ಹತ್ತು ನಿಮಿಷ ಸದ್ದು ಮಾಡದೆ ಕೂತರೆ ಹಕ್ಕಿಗಳಿಗೆ ಉಪಕಾರ.

ಏರಿಯ ಮೇಲೆ ಎರಡೂ ಕಡೆ ನೋಡಿ

ಏರಿಯ ಮೇಲೆ ನಡೆಯುವವರು ನೀರಿನ ಕಡೆಗೇ ಮುಖ ಮಾಡಿರುತ್ತಾರೆ. ನೀವು ಒಮ್ಮೆ ಇನ್ನೊಂದು ಕಡೆಗೂ ತಿರುಗಿ. ಕೆರೆಯ ನೀರಿನ ಮಟ್ಟ ಎಲ್ಲಿದೆ, ಆಚೆ ಕಡೆಯ ನೆಲ ಎಲ್ಲಿದೆ, ಹೋಲಿಸಿ. ನಮ್ಮ ಹಳೇ ಊರುಗಳಲ್ಲಿ ಏರಿಯ ಕೆಳಗಿನ ಜಾಗ ಅಚ್ಚುಕಟ್ಟು, ಅಂದರೆ ಕೆರೆ ನೀರಿನಲ್ಲಿ ಭತ್ತ, ತೆಂಗು ಬೆಳೆಯುತ್ತಿದ್ದ ಜಾಗ. ಊರು ಬೆಳೆದಂತೆ ಅಂಥ ಕಡೆಗಳಲ್ಲೆಲ್ಲ ಮನೆ ಎದ್ದಿವೆ. ನೀರು ಮೇಲೆ, ಮನೆ ಕೆಳಗೆ. ಏರಿ ಗಟ್ಟಿಯಾಗಿರುವುದು ಎಷ್ಟು ಮುಖ್ಯ ಅನ್ನುವುದು ಆಗ ಮನಸ್ಸಿಗೆ ನಾಟುತ್ತದೆ.

ನೀರಿನ ಕಡೆಯ ಇಳಿಜಾರಿಗೆ ಕಲ್ಲು ಹೊದಿಸಿರುವುದು ಅಲೆ ಬಡಿದು ಮಣ್ಣು ಕೊಚ್ಚಿಹೋಗದಿರಲಿ ಅಂತ. ಕಲ್ಲುಗಳ ಸಂದಿಯಿಂದ ಗಿಡ ಎದ್ದಿದ್ದರೆ, ಅದರಲ್ಲೂ ಅರಳಿ, ಆಲ, ಅತ್ತಿ ಸಸಿ ಆಗಿದ್ದರೆ, ಅದು ಒಳ್ಳೆಯ ಲಕ್ಷಣ ಅಲ್ಲ. ಬೇರು ದಪ್ಪ ಆದಂತೆ ಕಲ್ಲು ಸಡಿಲ ಆಗುತ್ತದೆ. ಮರ ಒಣಗಿ ಬೇರು ಕೊಳೆತರೆ ಆ ಟೊಳ್ಳಿನಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ. ಏಡಿ, ಇಲಿ ಬಿಲಗಳೂ ಹಾಗೇ. ಮರ ಪ್ರೀತಿಸುವವರಿಗೆ ಇದು ಕೇಳಲು ಕಷ್ಟ, ಆದರೆ ಏರಿಯ ಮೈ ಮರ ನೆಡುವ ಜಾಗ ಅಲ್ಲ. ಹೊಂಗೆ, ನೇರಳೆ, ಮತ್ತಿ ಹಾಕಲು ಕೆರೆಯ ಸುತ್ತ ಬೇಕಾದಷ್ಟು ಜಾಗ ಇರುತ್ತದೆ.

ಏರಿ ಆದ ಮೇಲೆ ತೂಬು. ಹಳೇ ಕೆರೆಗಳಲ್ಲಿ ನೀರೊಳಗೆ ಎರಡು ಕಲ್ಲು ಕಂಬ, ಅವುಗಳ ನಡುವೆ ಅಡ್ಡ ಚಪ್ಪಡಿ ನಿಂತಿರುತ್ತವೆ. ಚಪ್ಪಡಿಯ ತೂತಿನಿಂದ ಉದ್ದನೆಯ ಗಳ ಇಳಿಬಿಟ್ಟು ಕೆಳಗಿನ ಬಿರಡೆ ಎತ್ತಿದರೆ ನೀರು ಗದ್ದೆಗೆ. ಅದನ್ನು ಎತ್ತುವ ಹಕ್ಕು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಲೆಕ್ಕ ಇಡುವ ಹೊಣೆ ನೀರಗಂಟಿಯದು. ಗದ್ದೆ ಹೋದ ಕಡೆ ತೂಬಿಗೂ ಕೆಲಸ ಇಲ್ಲ, ನೀರಗಂಟಿಗೂ ಇಲ್ಲ. ನೀವು ಯಾವ ಕೆರೆಗೆ ಹೋದರೂ ವಯಸ್ಸಾದವರು ಯಾರಾದರೂ ವಾಕಿಂಗ್ ಮುಗಿಸಿ ಕೂತಿದ್ದರೆ, “ಯಜಮಾನ್ರೇ, ಈ ಕೆರೆ ತೂಬು ಎಲ್ಲಿತ್ತು?” ಅಂತ ಕೇಳಿ ನೋಡಿ. ಎದ್ದು ಬಂದು ಜಾಗ ತೋರಿಸುತ್ತಾರೆ. ಯಾವ ಬೋರ್ಡಿನಲ್ಲೂ ಸಿಗದ ವಿಷಯ ಅವರ ಹತ್ತಿರ ಇರುತ್ತದೆ.

ಕೋಡಿ

ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹೋಗುವ ಜಾಗ ಕೋಡಿ. ಕೋಡಿ ಇಲ್ಲದಿದ್ದರೆ ನೀರು ಏರಿಯ ಮೇಲೇ ಹತ್ತಿ ಏರಿ ಒಡೆಯುತ್ತದೆ. ಕೋಡಿಯ ಕಲ್ಲಿನ ಮಟ್ಟ ನೋಡಿ, ಈಗಿನ ನೀರಿನ ಮಟ್ಟ ನೋಡಿ. ಕೆರೆ ಎಷ್ಟು ತುಂಬಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಕೋಡಿಯಿಂದ ಮುಂದೆ ನೀರು ಹೋಗುವ ದಾರಿ ಹುಡುಕಿ. ಕಾಲುವೆ ಅಗಲವಾಗಿದೆಯೇ, ಮಧ್ಯೆ ಯಾರಾದರೂ ಮಣ್ಣು ಸುರಿದಿದ್ದಾರೆಯೇ, ಗೋಡೆ ಕಟ್ಟಿದ್ದಾರೆಯೇ? ಜೋರು ಮಳೆಯ ವರ್ಷ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು ಅಂತ ಸುದ್ದಿ ಬಂದರೆ ಬಹಳ ಸಲ ಕಾರಣ ಈ ದಾರಿ ಇಕ್ಕಟ್ಟಾಗಿರುವುದು.

ಕೆರೆ ಕೋಡಿ ಬಿತ್ತು ಅಂತ ಸುದ್ದಿ ಸಿಕ್ಕ ದಿನ ಬೇರೆ ಕೆಲಸ ಬಿಟ್ಟು ಬನ್ನಿ. ನಮ್ಮ ಬಯಲುಸೀಮೆಯಲ್ಲಿ ಅದಕ್ಕಿಂತ ದೊಡ್ಡ ಸಂಭ್ರಮ ಇಲ್ಲ. ಜನ ಸಂಸಾರ ಸಮೇತ ಬರುತ್ತಾರೆ. ಗಂಗಾಪೂಜೆ ಮಾಡಿ ಬಾಗಿನ ಬಿಡುತ್ತಾರೆ. ನೀರು ಬೀಳುವ ಸದ್ದು ಕೇಳುತ್ತಾ ಅಜ್ಜಿಯರು ಹಿಂದೆ ಯಾವ ವರ್ಷ ಕೋಡಿ ಬಿದ್ದಿತ್ತು, ಆಗ ಮನೆಯಲ್ಲಿ ಯಾರು ಹುಟ್ಟಿದ್ದರು ಅಂತ ಲೆಕ್ಕ ಹಾಕುತ್ತಾರೆ. ಆದರೆ ಹರಿಯುವ ಕೋಡಿಯ ಕಲ್ಲಿನ ಮೇಲೆ ಕಾಲಿಡಬೇಡಿ. ಪಾಚಿ ಕಟ್ಟಿರುತ್ತದೆ, ಮೊಣಕಾಲುದ್ದದ ನೀರೂ ಎಳೆದುಕೊಂಡು ಹೋಗುತ್ತದೆ.

ಈಗ ಗಾಜಿನ ಮನೆ, ಉದ್ಯಾನ

ಎಲ್ಲ ನೋಡಿದ ಮೇಲೆ ಹೊಸದಾಗಿ ಆಗಿರುವ ಕಡೆ ಬನ್ನಿ. ಕಾಲು ನೋಯುತ್ತಿರುತ್ತದೆ, ಬೆಂಚಿನ ಮೇಲೆ ಕೂತು ನೀರು ನೋಡುವುದರ ಸುಖ ಈಗ ಜಾಸ್ತಿ. ವಯಸ್ಸಾದ ಅಪ್ಪ ಅಮ್ಮನ ಜೊತೆ ಬಂದಿದ್ದರೆ ಅವರನ್ನು ಮೊದಲೇ ಇಲ್ಲಿ ಕೂರಿಸಿ ನೀವು ಸುತ್ತು ಹಾಕಿ ಬರಬಹುದು. ದೋಣಿ ನಡೆಯುತ್ತಿದ್ದು ನೀವು ಹತ್ತುವುದಾದರೆ ಲೈಫ್ ಜಾಕೆಟ್ ಕೊಡಿ ಅಂತ ಕೇಳಿ. ಕೊಡದಿದ್ದರೆ ಹತ್ತಬೇಡಿ. ಮಕ್ಕಳಿಗೆ ಅವರ ಅಳತೆಯದೇ ಬೇಕು, ದೊಡ್ಡವರ ಜಾಕೆಟ್ ಹಾಕಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಜಾರಿ ಮಗು ಕೆಳಗೆ ಇಳಿಯುತ್ತದೆ.

ಇದಕ್ಕಿಂತ ಮುಖ್ಯವಾದ ಮಾತು. ಯಾವ ಕೆರೆಯಲ್ಲೂ ಈಜಲು ಇಳಿಯಬೇಡಿ, ಬೇಸಿಗೆಯಲ್ಲಿ ನೀರು ಕಡಿಮೆ ಇದ್ದಾಗಲೂ ಬೇಡ. ಹೂಳು, ಮಣ್ಣು ತೆಗೆದ ಕಡೆ ಒಂದೇ ಹೆಜ್ಜೆಗೆ ಆಳು ಮುಳುಗುವ ಗುಂಡಿ ಇರುತ್ತದೆ. ಮೇಲಿಂದ ನೋಡಿದರೆ ಎಲ್ಲ ಒಂದೇ ಮಟ್ಟ ಕಾಣುತ್ತದೆ. ಕೆಳಗಿನ ಗೋಡಿನಲ್ಲಿ ಕಾಲು ಹೂತರೆ ಈಜು ಬಂದವರಿಗೂ ಎದ್ದು ಬರುವುದು ಕಷ್ಟ. ನಮ್ಮ ಜಿಲ್ಲೆಗಳಲ್ಲಿ ಬೇಸಿಗೆ ರಜೆಯಲ್ಲಿ ಹೀಗೆ ಹೋದ ಮಕ್ಕಳ ಸುದ್ದಿ ಓದಿ ಓದಿ ಎದೆ ಒಡೆದಿದೆ. ಯಾರಾದರೂ ಬಿದ್ದರೆ ನೀವೂ ಹಾರಬೇಡಿ. ಸೀರೆ, ಪಂಚೆ, ಹಗ್ಗ, ಖಾಲಿ ಕ್ಯಾನು, ಏನು ಸಿಕ್ಕಿದರೆ ಅದನ್ನು ಎಸೆದು ಎಳೆಯಿರಿ. 112ಕ್ಕೆ ಫೋನ್ ಮಾಡಿ.

ಕೋಲಾರ, ಚಿಕ್ಕಬಳ್ಳಾಪುರದವರಿಗೆ

ನಿಮ್ಮೂರಿನ ಕೆರೆಯನ್ನೂ ಇದೇ ಕ್ರಮದಲ್ಲಿ ನೋಡಬಹುದು. ಕೋಲಾರದಲ್ಲಿ ಕೋಲಾರಮ್ಮನ ಕೆರೆ, ಚಿಕ್ಕಬಳ್ಳಾಪುರದಲ್ಲಿ ಕಂದವಾರ ಕೆರೆ. ಒಂದು ವ್ಯತ್ಯಾಸ ಮಾತ್ರ ನೆನಪಿಟ್ಟುಕೊಳ್ಳಿ. ನಿಮ್ಮ ಕಡೆಯ ಎಷ್ಟೋ ಕೆರೆಗಳು ಈಗ ತುಂಬಿರುವುದು ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರಿನಿಂದ. ಕೋಲಾರಕ್ಕೆ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್ ಕಳಿಸುವ ಗುರಿಯ ಯೋಜನೆ ಅದು. ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. ವ್ಯಾಲಿ, ದಿನಕ್ಕೆ 21 ಕೋಟಿ ಲೀಟರ್. ಎರಡು ಹಂತದ ಸಂಸ್ಕರಣೆ ಆದ ನೀರು ಇದು. ಅಂತರ್ಜಲ ಏರಿಸುವುದು ಇದರ ಉದ್ದೇಶ, ನೇರವಾಗಿ ಕುಡಿಯಲು ಅಲ್ಲ. ದಶಕಗಳಿಂದ ಒಣಗಿದ್ದ ಕೆರೆಯಲ್ಲಿ ನೀರು ಕಂಡ ರೈತರ ಸಂತೋಷ ನಿಜ. ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಾಗ ಜನರಿಗೆ ಆದ ಆತಂಕವೂ ನಿಜ, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ನೋಡಲು ಹೋದವರು ಆ ನೀರಿನಲ್ಲಿ ಮುಖ ತೊಳೆಯಬೇಡಿ, ಮಕ್ಕಳನ್ನು ಆಡಲು ಬಿಡಬೇಡಿ. ಕೈ ತಾಗಿದರೆ ಊಟಕ್ಕೆ ಮುಂಚೆ ಸೋಪು ಹಾಕಿ ತೊಳೆಯಿರಿ.

ಹೊಟ್ಟೆಪಾಡು

ತುಮಕೂರಿಗೆ ಬಂದು ತಟ್ಟೆ ಇಡ್ಲಿ ತಿನ್ನದೆ ಹೋಗಬಾರದು. ಅದಕ್ಕೆ ಕ್ಯಾತ್ಸಂದ್ರ. ಬಿಸಿ ಇಡ್ಲಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಬೆಳಗ್ಗೆ ಕೆರೆ ಸುತ್ತಿ ಬಂದವರಿಗೆ ಎರಡು ಬೇಕಾಗುತ್ತದೆ. ಅಲ್ಲಿಂದ ಸಿದ್ಧಗಂಗಾ ಮಠ ಹತ್ತಿರ. 111 ವರ್ಷ ಬದುಕಿ 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಜಾಗ. ಸಂಜೆಗೆ ಸಮಯ ಉಳಿದರೆ ದೇವರಾಯನದುರ್ಗ ಹತ್ತಿ, ದಾರಿಯಲ್ಲಿ ನಾಮದ ಚಿಲುಮೆ ನೋಡಿ. ಬಂಡೆಯೊಳಗಿಂದ ನೀರು ಬರುವ ಜಾಗ ಅದು. ಬೆಳಗ್ಗೆಯಿಂದ ನೀರಿನ ಹಿಂದೆಯೇ ಓಡಾಡಿದ್ದೀರಲ್ಲ, ಬೆಟ್ಟದ ಮೇಲೆ ನಿಂತು ಕೆಳಗಿನ ಬಯಲು ನೋಡಿದರೆ ಕೆರೆಗಳ ಸಾಲು ಹೇಗೆ ಕೂತಿದೆ ಅನ್ನುವುದು ಅರ್ಥ ಆಗುತ್ತದೆ.

ಕಂಡದ್ದನ್ನು ಏನು ಮಾಡುವುದು

ಕಾಲುವೆಯಲ್ಲಿ ಹೊಲಸು ನೀರು ಕಂಡಿರುತ್ತೀರಿ, ಕೋಡಿಯ ಮುಂದೆ ಮಣ್ಣಿನ ರಾಶಿ ಕಂಡಿರುತ್ತೀರಿ. ಬೈದುಕೊಂಡು ಮನೆಗೆ ಹೋದರೆ ಏನೂ ಆಗುವುದಿಲ್ಲ. ಮಹಾನಗರ ಪಾಲಿಕೆಗೆ ಅರ್ಜಿ ಕೊಡಿ. ಒಂದು ಅರ್ಜಿಯಲ್ಲಿ ಒಂದೇ ಸಮಸ್ಯೆ ಬರೆಯಿರಿ. ಜಾಗ, ದಿನಾಂಕ, ಹೊತ್ತು ಇರಲಿ, ಫೋಟೊ ಲಗತ್ತಿಸಿ, ಸ್ವೀಕೃತಿ ಇಸಿದುಕೊಳ್ಳಿ.

ಕೆರೆ ನೀರಿನ ಗುಣಮಟ್ಟ ತಿಳಿಯಬೇಕಿದ್ದರೆ ಒಂದು ವಿಷಯ ಗೊತ್ತಿರಲಿ. ನಮ್ಮ ದೇಶದಲ್ಲಿ ನೀರನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆಯಲ್ಲಿ ಗುರುತಿಸುತ್ತಾರೆ. ‘ಬಿ’ ಅಂದರೆ ಸ್ನಾನಕ್ಕೆ ಆಗುವ ನೀರು, ‘ಡಿ’ ಅಂದರೆ ಮೀನು ಮತ್ತು ಕಾಡುಜೀವಿಗಳಿಗೆ, ‘ಇ’ ಅಂದರೆ ನೀರಾವರಿಗೆ. ನಿಮ್ಮ ಕೆರೆ ಯಾವ ದರ್ಜೆಯಲ್ಲಿದೆ ಅಂತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. “ಕಳೆದ 12 ತಿಂಗಳ ನೀರಿನ ಪರೀಕ್ಷಾ ವರದಿಯ ಪ್ರತಿ ಕೊಡಿ” ಅಂತ ಬರೆದರೆ ಸಾಕು. ವರದಿ ಕೈಗೆ ಬಂದ ಮೇಲೆ ಅದರಲ್ಲಿ ಆಮ್ಲಜನಕದ ಅಂಕಿ ಮೊದಲು ನೋಡಿ. ಮೀನು ಬದುಕಲು ಲೀಟರಿಗೆ 4 ಮಿಲಿಗ್ರಾಂಗಿಂತ ಕಡಿಮೆ ಇರಬಾರದು ಅನ್ನುವುದು ‘ಡಿ’ ದರ್ಜೆಯ ಅಳತೆ.